ಅಣುಬಾಂಬ್, ವಿಜ್ಞಾನಿಗಳು ಮತ್ತು ಗೌರಿಬಿದನೂರಿನ ಕಿವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಶಾಲೆ-ಕಾಲೇಜುಗಳಲ್ಲಿ ಅಣ್ವಸ್ತ್ರಗಳ ಬಗ್ಗೆ ಮಾತಾಡಿದಾಗ ಎದ್ದು ಬಂದ ಪ್ರಶ್ನೆಗಳಿವು. ಕೆಲವು ಮಕ್ಕಳದ್ದು, ಕೆಲವು ಮೇಷ್ಟ್ರುಗಳದ್ದು, ಒಂದೆರಡು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತ ಹಿರಿಯರದ್ದು. ಹೇಳಲು ಜಾಸ್ತಿ ಇರುವ ಕಡೆ ಜಾಸ್ತಿ ಹೇಳಿದ್ದೇನೆ, ಇಲ್ಲದ ಕಡೆ ಬೇಗ ಮುಗಿಸಿದ್ದೇನೆ.

ಅಣುಬಾಂಬಿಗೂ ನಮ್ಮ ಗೌರಿಬಿದನೂರಿಗೂ ಏನು ಸಂಬಂಧ?

ಅರವತ್ತು ವರ್ಷದ ಸಂಬಂಧ. ಈಗ ಭಾಭಾ ಅಣು ಸಂಶೋಧನಾ ಕೇಂದ್ರ (ಬಿಎಆರ್‌ಸಿ) ಎಂದು ಕರೆಯುವ ಸಂಸ್ಥೆ 1965ರಲ್ಲಿ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಜೊತೆ ಸೇರಿ ಇಲ್ಲಿ ಭೂಕಂಪಮಾಪಕಗಳ ಒಂದು ಸಾಲು ಹೂಡಿತು. ಮುಖ್ಯ ಉದ್ದೇಶ ಭೂಕಂಪ ಅಳೆಯುವುದಲ್ಲ. ಜಗತ್ತಿನಲ್ಲಿ ಯಾರಾದರೂ ನೆಲದಡಿಯಲ್ಲಿ ಅಣುಬಾಂಬ್ ಸಿಡಿಸಿದರೆ ಪತ್ತೆ ಹಚ್ಚುವುದು. ಇದೇ ಮಾದರಿಯವು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವರಮಂಗಾದಲ್ಲಿವೆ.

ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಎರಡು ತೋಳು. ಒಂದೊಂದೂ ಸುಮಾರು 25 ಕಿ.ಮೀ. ಉದ್ದ. ಎರಡರಲ್ಲೂ ಸೇರಿ 20 ಮಾಪಕಗಳು. ಒಂದೇ ಸಾಕಿತ್ತಲ್ಲ, ಇಪ್ಪತ್ತು ಯಾಕೆ ಅನ್ನುತ್ತೀರಿ. ನೆಲ ಯಾವಾಗಲೂ ಸ್ವಲ್ಪ ನಡುಗುತ್ತಲೇ ಇರುತ್ತದೆ. ಲಾರಿ ಓಡುತ್ತದೆ, ರೈಲು ಹೋಗುತ್ತದೆ, ಬೋರ್‌ವೆಲ್ ಕೊರೆಯುತ್ತಾರೆ, ಗಾಳಿಗೆ ಮರ ಅಲ್ಲಾಡುತ್ತದೆ. ಈ ಗದ್ದಲ ಒಂದೊಂದು ಮಾಪಕದಲ್ಲಿ ಒಂದೊಂದು ಥರ ಇರುತ್ತದೆ. ಆದರೆ ಸಾವಿರಾರು ಕಿ.ಮೀ. ದೂರದಿಂದ ಬಂದ ಅಲೆ ಎಲ್ಲ ಇಪ್ಪತ್ತರಲ್ಲೂ ಒಂದೇ ಆಕಾರದಲ್ಲಿ, ಸ್ವಲ್ಪ ಸ್ವಲ್ಪ ಹಿಂದೆ-ಮುಂದೆ ಬರುತ್ತದೆ. ಆ ಹಿಂದೆ-ಮುಂದನ್ನು ಸರಿಪಡಿಸಿ ಇಪ್ಪತ್ತನ್ನೂ ಕೂಡಿಸಿದರೆ ಗದ್ದಲ ಒಂದನ್ನೊಂದು ತಿಂದುಹಾಕುತ್ತದೆ, ಅಲೆ ಎದ್ದು ಕಾಣುತ್ತದೆ. ಲೆಕ್ಕಕ್ಕೆ ಇಪ್ಪತ್ತರ ವರ್ಗಮೂಲ, ಅಂದರೆ ಸುಮಾರು ನಾಲ್ಕೂವರೆ ಪಟ್ಟು ಸ್ಪಷ್ಟ. ಯಾವ ಮಾಪಕಕ್ಕೆ ಮೊದಲು ಬಂತು, ಯಾವುದಕ್ಕೆ ಆಮೇಲೆ ಬಂತು ಅನ್ನುವುದರಿಂದ ದಿಕ್ಕೂ ಸಿಗುತ್ತದೆ.

ಜಾಗವನ್ನು ಸುಮ್ನೆ ಆರಿಸಿದ್ದಲ್ಲ. ನಮ್ಮ ಕಡೆಯ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಗಟ್ಟಿ, ಒಣ, ಅಲುಗಾಡದ ನೆಲ. ಸಮುದ್ರದ ಅಲೆಗಳ ಗದ್ದಲವೂ ದೂರ.

ಹೊಲದಲ್ಲಿ ಸಾಲಾಗಿ ಕಾಣುವ ಕಂಬ-ತಂತಿಗಳೇ ಅದಾ?

ಅಲ್ಲ. ಅದು ರೇಡಿಯೊ ದೂರದರ್ಶಕ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ಆಕಾಶ ಕೇಳುವುದು ಅದು, ನೆಲ ಕೇಳುವುದು ಇದು. ಒಂದೇ ತಾಲ್ಲೂಕಿನಲ್ಲಿ ಎರಡೂ ಇರುವುದು ನಮ್ಮ ಅದೃಷ್ಟ.

ನೆಲ ನಡುಗಿದ್ದು ಭೂಕಂಪಕ್ಕೋ ಬಾಂಬಿಗೋ ಅಂತ ಹೇಗೆ ಗೊತ್ತಾಗುತ್ತದೆ?

ಇಡೀ ವಿಷಯದ ತಿರುಳೇ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಭೂಕಂಪ ಆಗುವುದು ಎರಡು ಬಂಡೆಗಳು ಒಂದರ ಪಕ್ಕ ಒಂದು ಜಾರಿದಾಗ. ಹಾಗಾಗಿ ಒಂದು ದಿಕ್ಕಿನಲ್ಲಿರುವ ಮಾಪಕಕ್ಕೆ ಮೊದಲ ಏಟು ತಳ್ಳಿದಂತೆ ಬರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಎಳೆದಂತೆ ಬರುತ್ತದೆ. ಬಾಂಬ್ ಹಾಗಲ್ಲ. ಅದು ಎಲ್ಲ ಕಡೆಗೂ ಒಟ್ಟಿಗೆ ತಳ್ಳುತ್ತದೆ. ಎಲ್ಲಿಂದ ನೋಡಿದರೂ ಮೊದಲ ಏಟು ತಳ್ಳೇಟೇ.

ಎರಡನೆಯದು, ಬಂಡೆಯೊಳಗೆ ವೇಗವಾಗಿ ಓಡುವ ಪಿ ಅಲೆ ಮತ್ತು ನೆಲದ ಮೇಲ್ಮೈಯಲ್ಲಿ ನಿಧಾನವಾಗಿ ಉರುಳಿ ಬರುವ ಅಲೆ. ಇವೆರಡರ ಪ್ರಮಾಣ ಹೋಲಿಸಬೇಕು. ಭೂಕಂಪದಲ್ಲಿ ಮೇಲ್ಮೈ ಅಲೆ ಜೋರು. ಅಷ್ಟೇ ಪಿ ಅಲೆ ಎಬ್ಬಿಸಿದ ಬಾಂಬಿನಲ್ಲಿ ಅದು ಸಣ್ಣದು. ಮೂರನೆಯದು ಆಳ. ಹತ್ತಾರು ಕಿ.ಮೀ. ಆಳದಲ್ಲಿ ಆಗಿದ್ದರೆ ಅದು ಬಾಂಬ್ ಅಲ್ಲವೇ ಅಲ್ಲ, ಅಷ್ಟು ಆಳಕ್ಕೆ ಕೊರೆದವರು ಯಾರೂ ಇಲ್ಲ.

1998ರ ಮೇ 28ರಂದು ಪಾಕಿಸ್ತಾನ ಬಲೂಚಿಸ್ತಾನದ ಚಾಗೈ ಜಿಲ್ಲೆಯ ಬೆಟ್ಟದಲ್ಲಿ ಬಾಂಬ್ ಸಿಡಿಸಿತು. ಅಲ್ಲಿಂದ ಗೌರಿಬಿದನೂರಿಗೆ ಸುಮಾರು 2,100 ಕಿ.ಮೀ. ಪಿ ಅಲೆ ಇಷ್ಟು ದೂರ ಬರಲು ನಾಲ್ಕೂವರೆ ನಿಮಿಷ ಸಾಕು. ಟಿವಿಯಲ್ಲಿ ಸುದ್ದಿ ಬರುವ ಮುಂಚೆಯೇ ನಮ್ಮ ತಾಲ್ಲೂಕಿನ ಬಂಡೆಗೆ ವಿಷಯ ಗೊತ್ತಾಗಿತ್ತು.

ನಮ್ಮೂರ ಕ್ವಾರಿಯ ಸಿಡಿತವೂ ದಾಖಲಾಗುತ್ತದಾ?

ಆಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಜಲ್ಲಿ ಕ್ರಷರ್‌ಗಳಿಗೇನೂ ಕೊರತೆ ಇಲ್ಲವಲ್ಲ. ಆದರೆ ಕ್ವಾರಿಯಲ್ಲಿ ಎಲ್ಲ ಕುಳಿಗಳನ್ನೂ ಒಂದೇ ಸಲ ಸಿಡಿಸುವುದಿಲ್ಲ. ಸಾಲು ಸಾಲಾಗಿ, ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಸುತ್ತಾರೆ. ಆ ಅಂತರ ಅಲೆಯಲ್ಲಿ ಗೆರೆ ಗೆರೆಯಾಗಿ ಕಾಣುತ್ತದೆ. ಅದೂ ಅಲ್ಲದೆ ಬಹುತೇಕ ಹಗಲು ಹೊತ್ತಿನಲ್ಲೇ ಆಗುವುದರಿಂದ ಗುರುತು ಹಿಡಿಯುವುದು ಸುಲಭ.

ಪಕ್ಕದ ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಊರು ಕೆಜಿಎಫ್‌ನವರಿಗೆ ಇನ್ನೊಂದು ನೆನಪಿರುತ್ತದೆ. ಗಣಿ ನಡೆಯುವಾಗ ಆಳದ ಬಂಡೆ ತಾನಾಗಿಯೇ ಸಿಡಿದು ಮೇಲಿನ ಮನೆಗಳೆಲ್ಲ ಅದುರುತ್ತಿದ್ದವು. ಸಹಜ ಭೂಕಂಪ, ಗಣಿಯ ಬಂಡೆ ಸಿಡಿತ, ಕ್ವಾರಿ, ಬಾಂಬ್ ಈ ನಾಲ್ಕನ್ನೂ ಬೇರೆ ಬೇರೆ ಮಾಡಿ ನೋಡುವ ವಿದ್ಯೆಗೆ ನಮ್ಮ ಎರಡು ಜಿಲ್ಲೆಗಳಲ್ಲಿ ಪಾಠ ಬೇಕಾದಷ್ಟಿತ್ತು.

ಕೇಳಿಸಿಕೊಂಡ ಮಾತ್ರಕ್ಕೆ ಬಾಂಬ್ ನಿಲ್ಲುತ್ತದಾ?

ತಾನಾಗಿ ನಿಲ್ಲುವುದಿಲ್ಲ. ಆದರೆ ಕೇಳಿಸದೆ ಇದ್ದರೆ ನಿಲ್ಲಿಸುವ ಮಾತೇ ಶುರುವಾಗುವುದಿಲ್ಲ.

1958ರ ಬೇಸಿಗೆಯಲ್ಲಿ ಅಮೆರಿಕ, ಸೋವಿಯತ್ ಎರಡೂ ಬಣದ ವಿಜ್ಞಾನಿಗಳು ಜಿನೀವಾದಲ್ಲಿ ಕೂತರು. ಪರೀಕ್ಷೆಗಳನ್ನು ನಿಷೇಧಿಸಿದರೆ, ಕದ್ದು ಮಾಡಿದವರನ್ನು ಹಿಡಿಯಲು ಸಾಧ್ಯವಾ ಅನ್ನುವುದಷ್ಟೇ ಅವರ ಮುಂದಿದ್ದ ಪ್ರಶ್ನೆ. ಗಾಳಿಯಲ್ಲಿ, ನೀರಿನಲ್ಲಿ ಮಾಡಿದರೆ ಹಿಡಿಯಬಹುದು, ನೆಲದಡಿಯ ಸಣ್ಣ ಸಿಡಿತ ಮಾತ್ರ ಕಷ್ಟ ಎಂದು ತೇಲಿತು. ಆಮೇಲೆ ರಾಜಕಾರಣಿಗಳ ಚೌಕಾಶಿ. ವರ್ಷಕ್ಕೆ ಎಷ್ಟು ಸಲ ಒಬ್ಬರ ನೆಲಕ್ಕೆ ಇನ್ನೊಬ್ಬರು ಹೋಗಿ ಪರಿಶೀಲಿಸಬಹುದು? ಅಮೆರಿಕ ಏಳು ಅಂದಿತು, ಸೋವಿಯತ್ ಮೂರು ಅಂದಿತು. ಮೂರಕ್ಕೂ ಏಳಕ್ಕೂ ನಡುವೆ ಮಾತು ಮುರಿಯಿತು! 1963ರ ಒಪ್ಪಂದ ಗಾಳಿ, ನೀರು, ಬಾಹ್ಯಾಕಾಶದಲ್ಲಿ ಮಾತ್ರ ಪರೀಕ್ಷೆ ನಿಷೇಧಿಸಿತು. ಭಾರತವೂ ಅದಕ್ಕೆ ಸಹಿ ಹಾಕಿದೆ. ನೆಲದಡಿಯಲ್ಲಿ ಇನ್ನೂ ಮೂರು ದಶಕ ಸಿಡಿಯುತ್ತಲೇ ಹೋಯಿತು. ಗೌರಿಬಿದನೂರು ಹುಟ್ಟಿದ್ದೇ ಈ ಕೊರತೆ ತುಂಬುವ ಕಾಲದಲ್ಲಿ.

1996ರ ಸಮಗ್ರ ಅಣು ಪರೀಕ್ಷಾ ನಿಷೇಧ ಒಪ್ಪಂದ ಬರುವ ಹೊತ್ತಿಗೆ ತಂತ್ರಜ್ಞಾನ ಬೆಳೆದಿತ್ತು. ಅದರ ಯೋಜನೆಯಲ್ಲಿ 337 ಕೇಂದ್ರಗಳಿವೆ. 170 ನೆಲ ಕೇಳುತ್ತವೆ, 11 ಸಮುದ್ರ ಕೇಳುತ್ತವೆ, 60 ನಮ್ಮ ಕಿವಿಗೆ ಬೀಳದಷ್ಟು ತಗ್ಗು ಸದ್ದನ್ನು ಗಾಳಿಯಲ್ಲಿ ಕೇಳುತ್ತವೆ. 80 ಕೇಂದ್ರಗಳು ಗಾಳಿಯಲ್ಲಿ ವಿಕಿರಣದ ಧೂಳನ್ನೂ ಅನಿಲವನ್ನೂ ಹುಡುಕುತ್ತವೆ. ಉಳಿದ 16 ಪ್ರಯೋಗಾಲಯಗಳು. ಉತ್ತರ ಕೊರಿಯಾ 2006ರಿಂದ 2017ರವರೆಗೆ ಆರು ಸಲ ಸಿಡಿಸಿತು. ಆರೂ ಸಲ ಸಿಕ್ಕಿಬಿತ್ತು.

ಭಾರತವೇ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲವಲ್ಲ?

ಹಾಕಿಲ್ಲ. ಪಾಕಿಸ್ತಾನ, ಉತ್ತರ ಕೊರಿಯಾಗಳೂ ಹಾಕಿಲ್ಲ. ಅಮೆರಿಕ, ಚೀನಾ ಸಹಿ ಹಾಕಿ ಅನುಮೋದಿಸಿಲ್ಲ. ರಷ್ಯಾ ಅನುಮೋದಿಸಿ 2023ರಲ್ಲಿ ವಾಪಸ್ ಪಡೆಯಿತು. ಹಾಗಾಗಿ ಒಪ್ಪಂದ ಇವತ್ತಿಗೂ ಜಾರಿಗೆ ಬಂದಿಲ್ಲ.

ಭಾರತದ ವಾದಕ್ಕೆ ತೂಕ ಇಲ್ಲದಿಲ್ಲ. ತಮ್ಮ ಬಾಂಬುಗಳನ್ನು ಯಾವಾಗ ಬಿಡುತ್ತೇವೆ ಎಂದು ಹೇಳದ ದೇಶಗಳು ಬೇರೆಯವರಿಗೆ ಪರೀಕ್ಷೆ ಬೇಡ ಅನ್ನುವುದು ತಾರತಮ್ಯ ಅನ್ನುವುದು ಆ ವಾದ. ಪರೀಕ್ಷೆ ನಿಲ್ಲಿಸಿ ಎಂದು 1954ರಲ್ಲೇ ಜಗತ್ತಿಗೆ ಕರೆ ಕೊಟ್ಟವರು ನೆಹರೂ ಅನ್ನುವುದೂ ನಿಜ. 1998ರ ನಂತರ ಭಾರತ ತಾನಾಗಿಯೇ ಪರೀಕ್ಷೆ ನಿಲ್ಲಿಸಿದೆ. ಆದರೂ ನನಗೆ ಒಂದು ವಿಷಯ ಸರಿ ಕಾಣುವುದಿಲ್ಲ. ಸಹಿ ಹಾಕದ ಕಾರಣ ಗೌರಿಬಿದನೂರು ಆ ಜಾಗತಿಕ ಜಾಲದಲ್ಲಿ ಇಲ್ಲ. ಇಷ್ಟು ಒಳ್ಳೆಯ ಕಿವಿ ಇಟ್ಟುಕೊಂಡು ಎಲ್ಲರ ಜೊತೆ ಕೂತು ಕೇಳದೆ ಇರುವುದು ನಷ್ಟ. ಸಹಿಯ ವಿಷಯ ಸರ್ಕಾರ ನೋಡಿಕೊಳ್ಳಲಿ, ದಾಖಲೆ ಹಂಚಿಕೊಳ್ಳುವ ದಾರಿಯನ್ನಾದರೂ ಹುಡುಕಬಹುದಲ್ವಾ?

ಬಾಂಬ್ ಮಾಡಿದವರೇ ವಿಜ್ಞಾನಿಗಳು. ಈಗ ಅವರೇ ಶಾಂತಿ ಅಂದರೆ ನಂಬಬೇಕಾ?

ಹಿಂದಿನ ಬೆಂಚಿನ ಪ್ರಶ್ನೆ ಇದು. ಪ್ರತಿ ಊರಲ್ಲೂ ಬರುತ್ತದೆ, ಬರಬೇಕು ಕೂಡ.

ದೂರ ಹೋಗುವುದೇ ಬೇಡ. 1974ರ ಮೇ 18ರ ಪೋಖರಣ್ ಪರೀಕ್ಷೆಯ ಮುಂದಾಳು ರಾಜಾ ರಾಮಣ್ಣ ಹುಟ್ಟಿದ್ದು ತುಮಕೂರು ಜಿಲ್ಲೆಯಲ್ಲಿ. ಅದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಇನ್ನೊಬ್ಬ ವಿಜ್ಞಾನಿಯ ಕೆಲಸ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ ತಂಡ ಒಲೆ, ಗೋಬರ್ ಗ್ಯಾಸು, ಹಳ್ಳಿಯ ಇಂಧನ ಎಂದು ತಲೆಕೆಡಿಸಿಕೊಂಡಿತ್ತು. 1998ರ ಪರೀಕ್ಷೆಗೆ ಊರೆಲ್ಲ ಸಿಹಿ ಹಂಚುವಾಗ ಅದೇ ರೆಡ್ಡಿಯವರು ಬಾಂಬ್ ಬೇಡ ಎಂದು ಬಹಿರಂಗವಾಗಿ ಹೇಳಿದರು. ಇಬ್ಬರೂ ದೊಡ್ಡ ವಿಜ್ಞಾನಿಗಳೇ. ಹಾಗಾಗಿ 'ವಿಜ್ಞಾನಿಗಳು' ಎಂದು ಒಂದೇ ಕಂತೆ ಕಟ್ಟುವುದು ಸರಿಯಲ್ಲ.

ಅಮೆರಿಕದಲ್ಲೂ ಹಾಗೇ ಆಯಿತು. ಬಾಂಬಿನ ಕೆಲಸ ಶುರುವಾಗಲು ಕಾರಣರಾದವರಲ್ಲಿ ಒಬ್ಬರಾದ ಲಿಯೋ ಸಿಲಾರ್ಡ್, 1945ರ ಜುಲೈನಲ್ಲಿ ಜಪಾನಿನ ಮೇಲೆ ಅದನ್ನು ಹಾಕುವುದರ ವಿರುದ್ಧ ಮನವಿ ಬರೆದು ಸಹೋದ್ಯೋಗಿಗಳ ಸಹಿ ಹಾಕಿಸಿದರು. ಅದೇ ಬಾಂಬ್ ಯೋಜನೆಯಲ್ಲಿದ್ದ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಅದಕ್ಕೂ ಮುಂಚೆ, 1944ರ ಕೊನೆಗೇ ಎದ್ದು ಹೋಗಿದ್ದರು. ಜರ್ಮನಿ ಬಾಂಬ್ ಮಾಡುವುದಿಲ್ಲ ಎಂದು ಗೊತ್ತಾದ ಮೇಲೆ ನಾವ್ಯಾಕೆ ಮಾಡಬೇಕು ಅನ್ನುವುದು ಅವರ ಪ್ರಶ್ನೆ. ಅಣ್ವಸ್ತ್ರದ ಅಪಾಯದ ಬಗ್ಗೆ ಜಗತ್ತನ್ನು ಎಚ್ಚರಿಸಿದ 1955ರ ರಸೆಲ್-ಐನ್‌ಸ್ಟೈನ್ ಹೇಳಿಕೆಗೆ ರಾಟ್‌ಬ್ಲಾಟ್ ಸಹಿ ಇದೆ. ಅದರ ಬೆನ್ನಿಗೇ ಶುರುವಾದದ್ದು ಪಗ್‌ವಾಶ್ ಸಮ್ಮೇಳನಗಳು, ಅಣ್ವಸ್ತ್ರದ ಅಪಾಯ ಚರ್ಚಿಸಲು ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಸೇರುವ ಸಭೆಗಳು. ಮೊದಲ ಸಮ್ಮೇಳನ ದೆಹಲಿಯಲ್ಲಿ ಆಗಬೇಕಿತ್ತು. ಸೂಯೆಜ್ ಬಿಕ್ಕಟ್ಟಿನಿಂದ ಕೈತಪ್ಪಿ, 1957ರಲ್ಲಿ ಕೆನಡಾದ ಪಗ್‌ವಾಶ್ ಅನ್ನುವ ಪುಟ್ಟ ಊರಿಗೆ ಹೋಯಿತು. ರಾಟ್‌ಬ್ಲಾಟ್ ಮತ್ತು ಪಗ್‌ವಾಶ್ ಇಬ್ಬರಿಗೂ 1995ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಂಬಬೇಕಾ ಎಂದರೆ, ಯಾರನ್ನೂ ಮುಖ ನೋಡಿ ನಂಬಬೇಡಿ. ಅವರು ಅಳತೆಯನ್ನು ಎಲ್ಲರ ಮುಂದೆ ಇಟ್ಟಿದ್ದಾರಾ, ಬೇರೆಯವರು ಅದೇ ಅಳತೆ ಮತ್ತೆ ಮಾಡಬಹುದಾ ಅನ್ನುವುದನ್ನು ನೋಡಿ.

ಬರೀ ಅಳತೆಯಿಂದ ರಾಜಕೀಯ ಬದಲಾದ ಉದಾಹರಣೆ ಇದೆಯಾ?

ಇದೆ, ಮಕ್ಕಳ ಹಾಲುಹಲ್ಲು.

1950ರ ದಶಕದಲ್ಲಿ ಬಾಂಬುಗಳನ್ನು ಬಯಲಲ್ಲೇ ಸಿಡಿಸುತ್ತಿದ್ದರು. ಧೂಳಿನಲ್ಲಿ ಸ್ಟ್ರಾನ್ಷಿಯಂ-90 ಅನ್ನುವ ವಿಕಿರಣ ವಸ್ತು ಇರುತ್ತಿತ್ತು. ಅದು ಮಳೆಯ ಜೊತೆ ಹುಲ್ಲಿಗೆ ಬೀಳುತ್ತದೆ, ಹುಲ್ಲನ್ನು ಹಸು ತಿನ್ನುತ್ತದೆ, ಹಾಲಿನಲ್ಲಿ ಮಗುವಿಗೆ ಬರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದುಕೊಂಡು ಮೂಳೆಗೆ, ಹಲ್ಲಿಗೆ ಸೇರಿಸಿಬಿಡುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ ವಿಜ್ಞಾನಿಗಳೂ ತಾಯಂದಿರೂ ಸೇರಿ ಬಿದ್ದ ಹಾಲುಹಲ್ಲುಗಳನ್ನು ಕೂಡಿಹಾಕಿದರು. ಲೂಯಿಸ್ ರೈಸ್ ಅನ್ನುವ ವೈದ್ಯೆ ಮುಂದೆ ನಿಂತಿದ್ದರು. ಹಲ್ಲು ಕೊಟ್ಟ ಮಗುವಿಗೆ ಅಂಗಿಗೆ ಸಿಕ್ಕಿಸಿಕೊಳ್ಳುವ ಒಂದು ಬಿಲ್ಲೆ ಸಿಗುತ್ತಿತ್ತು. ಲಕ್ಷಗಟ್ಟಲೆ ಹಲ್ಲು ಬಂದವು. ಪರೀಕ್ಷೆಗಳು ಜಾಸ್ತಿಯಾದ ಮೇಲೆ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಎಷ್ಟೋ ಪಟ್ಟು ಜಾಸ್ತಿ ಇತ್ತು. 1963ರ ಒಪ್ಪಂದದ ಪರ ಜನಾಭಿಪ್ರಾಯ ಮೂಡಲು ಇದೂ ಒಂದು ಕಾರಣ.

ಬಾಗೇಪಲ್ಲಿ, ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳ ಹಲ್ಲಿನ ಕಂದು ಕಲೆ ನೋಡಿಯೇ ಕೊಳವೆಬಾವಿಯ ಫ್ಲೋರೈಡ್ ಲೆಕ್ಕ ಹೇಳುವ ಊರುಗಳು ಅವು. ಜನರ ಕೈಗೆಟುಕುವ ವಸ್ತುವಿನಲ್ಲೇ ಸಾಕ್ಷಿ ಸಿಕ್ಕರೆ ಸರ್ಕಾರಗಳಿಗೆ ಅದನ್ನು ಮುಚ್ಚಿಡುವುದು ಕಷ್ಟ.

ವೈರಿ ದೇಶದ ವಿಜ್ಞಾನಿ ಜೊತೆ ಮಾತಾಡುವುದು ದೇಶದ್ರೋಹ ಅಲ್ವಾ?

ಗುಟ್ಟು ಕೊಟ್ಟರೆ ದ್ರೋಹ. ಮಾತಾಡಿದರೆ ಅಲ್ಲ. 1986ರಲ್ಲಿ, ಶೀತಲ ಸಮರ ಇನ್ನೂ ಇದ್ದಾಗಲೇ, ಅಮೆರಿಕದ ಭೂಕಂಪ ತಜ್ಞರು ಸೋವಿಯತ್ ವಿಜ್ಞಾನ ಅಕಾಡೆಮಿಯ ಒಪ್ಪಿಗೆ ಪಡೆದು ಕಜಾಕಸ್ತಾನದ ಪರೀಕ್ಷಾ ನೆಲೆಯ ಹತ್ತಿರ ತಮ್ಮ ಮಾಪಕಗಳನ್ನು ಹೂಡಿದರು. ಸರ್ಕಾರಗಳು ಒಪ್ಪಂದ ಮಾಡಿಕೊಳ್ಳುವ ಮುಂಚೆ ವಿಜ್ಞಾನಿಗಳು ಮಾಡಿಕೊಂಡರು. ಪರಸ್ಪರ ಪರಿಶೀಲನೆಗೆ ಬಿಡುವುದಿಲ್ಲ ಅನ್ನುವ ಹಳೆಯ ಹಟ ಅಲ್ಲಿ ಸಡಿಲವಾಯಿತು.

ನಮ್ಮಲ್ಲೂ ಉಂಟು. ಭಾರತದ ಆರ್. ರಾಜಾರಾಮನ್, ಎಂ.ವಿ. ರಮಣ ಮತ್ತು ಪಾಕಿಸ್ತಾನದ ಜಿಯಾ ಮಿಯಾನ್, ಮೂವರು ಭೌತವಿಜ್ಞಾನಿಗಳು ಸೇರಿ ಒಂದು ಲೆಕ್ಕ ಮಾಡಿದರು. ಒಂದು ದೇಶ ಕ್ಷಿಪಣಿ ಹಾರಿಸಿದರೆ ಇನ್ನೊಂದಕ್ಕೆ ಯೋಚಿಸಲು ಎಷ್ಟು ಹೊತ್ತು ಸಿಗುತ್ತದೆ? ಕೆಲವೇ ನಿಮಿಷ. ಸುಳ್ಳು ಎಚ್ಚರಿಕೆಯೋ ನಿಜವೋ ಎಂದು ನೋಡಲೂ ಸಾಲದು. 2022ರ ಮಾರ್ಚ್ 9ರಂದು ಭಾರತದ ಒಂದು ಕ್ಷಿಪಣಿ ತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಆ ಲೆಕ್ಕ ಬರೀ ಕಾಗದದ್ದಲ್ಲ ಎಂದು ಅವತ್ತು ಎಲ್ಲರಿಗೂ ಅರ್ಥವಾಯಿತು.

ಎರಡೂ ದೇಶಗಳು ಪ್ರತಿ ಜನವರಿ 1ಕ್ಕೆ ತಮ್ಮ ಅಣು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ, ಅವುಗಳ ಮೇಲೆ ದಾಳಿ ಮಾಡಬಾರದು ಅನ್ನುವ 1988ರ ಒಪ್ಪಂದದಂತೆ. 1992ರಿಂದ ಕಾರ್ಗಿಲ್ ಬಂದರೂ ಪುಲ್ವಾಮಾ ಬಂದರೂ ಇದು ತಪ್ಪಿಲ್ಲ. ಪತ್ರಿಕೆಯ ಒಳಪುಟದ ಸಣ್ಣ ಸುದ್ದಿಯಾಗಿ ಬರುತ್ತದೆ, ಹುಡುಕಿ ಓದಿ.

ಭಾರತ-ಪಾಕ್ ಅಣು ಯುದ್ಧ ಆದರೆ ನಮ್ಮ ಕಡೆಗೇನು ತೊಂದರೆ? ಗಡಿ ದೂರ ಇದೆಯಲ್ಲ.

ಪಕ್ಕದಲ್ಲೇ ಬೆಂಗಳೂರು ಇದೆ, ಅದನ್ನು ಮರೆಯಬೇಡಿ. ಅದಿರಲಿ, ಬಾಂಬ್ ಒಂದೂ ಇತ್ತ ಬೀಳಲಿಲ್ಲ ಎಂದೇ ಇಟ್ಟುಕೊಳ್ಳೋಣ. ಉರಿಯುವ ನಗರಗಳ ಮಸಿ ಮೋಡಗಳನ್ನು ದಾಟಿ ಮೇಲೇರುತ್ತದೆ. ಅಲ್ಲಿ ಅದನ್ನು ತೊಳೆಯಲು ಮಳೆ ಇಲ್ಲ. ವರ್ಷಗಟ್ಟಲೆ ನಿಲ್ಲುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತ-ಪಾಕ್ ಯುದ್ಧವನ್ನೇ ಕಲ್ಪಿಸಿ ಲೆಕ್ಕ ಹಾಕಿತು. 5ರಿಂದ 12.5 ಕೋಟಿ ಜನ ನೇರವಾಗಿ ಸಾಯಬಹುದು. ನೆಲಕ್ಕೆ ಬರುವ ಬಿಸಿಲು 20ರಿಂದ 35 ಶೇಕಡಾ, ಮಳೆ 15ರಿಂದ 30 ಶೇಕಡಾ ಕಡಿಮೆಯಾಗಬಹುದು. ಇದು ಇಡೀ ಜಗತ್ತಿನ ಲೆಕ್ಕ. ನಮ್ಮ ಜಿಲ್ಲೆಗಳಲ್ಲಿ ನದಿ ನೀರಾವರಿ ಇಲ್ಲ. ಮುಂಗಾರು ಸ್ವಲ್ಪ ಕೈಕೊಟ್ಟರೇ ರಾಗಿ, ಅವರೆ, ನೆಲಗಡಲೆ ಏನಾಗುತ್ತದೆ ಎಂದು ನಿಮಗೇ ಗೊತ್ತು.

ಎಷ್ಟು ಮಸಿ ಅಷ್ಟೆತ್ತರಕ್ಕೆ ಏರುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ತಕರಾರಿದೆ, ಕೆಲವರು ಕಡಿಮೆ ಅನ್ನುತ್ತಾರೆ. ಆ ಜಗಳ ನಡೆಯಲಿ. ಈ ಲೆಕ್ಕ ಮಾಡುವವರು ಹವಾಮಾನ, ಕೃಷಿ, ಬೆಂಕಿ ಓದಿದವರು. ಬಾಂಬಿನ ಬಗ್ಗೆ ಮಾತಾಡಲು ಬಾಂಬ್ ತಜ್ಞರೇ ಆಗಬೇಕಿಲ್ಲ.

ಕೆಜಿಎಫ್‌ನಲ್ಲಿ ನಡೆದ ನ್ಯೂಟ್ರಿನೋ ಪ್ರಯೋಗಕ್ಕೂ ಇದಕ್ಕೂ ನಂಟಿದೆಯಾ?

ನೇರ ನಂಟಿಲ್ಲ. ಆದರೆ ಕೇಳಿದ್ದು ಒಳ್ಳೆಯದಾಯಿತು. 1965ರಲ್ಲೇ, ಚಿನ್ನದ ಗಣಿಯಲ್ಲಿ ಎರಡು ಕಿ.ಮೀ.ಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣಗಳ ಗುರುತು ಸಿಕ್ಕಿತು. ಅಣು ರಿಯಾಕ್ಟರಿನಿಂದಲೂ ಇದೇ ಬಳಗದ ಕಣಗಳು ಹೊರಬರುತ್ತವೆ. ಯಾವ ಗೋಡೆಯೂ ಅವನ್ನು ತಡೆಯದು. ಹಾಗಾಗಿ ರಿಯಾಕ್ಟರ್ ನಡೆಯುತ್ತಿದೆಯಾ, ಒಳಗೆ ಬಾಂಬಿಗೆ ಬಳಸಬಹುದಾದ ಪ್ಲುಟೋನಿಯಂ ಎಷ್ಟು ಬೆಳೆಯುತ್ತಿದೆ ಎಂದು ಹೊರಗಿನಿಂದಲೇ ಅಳೆಯುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ.

ನಾನು ವಿಜ್ಞಾನ ಓದುತ್ತಿರುವ ವಿದ್ಯಾರ್ಥಿ. ಈ ಕೆಲಸಕ್ಕೆ ಏನು ಓದಬೇಕು?

ಭೂಭೌತಶಾಸ್ತ್ರ ಓದಿ. ನಮ್ಮ ಕಡೆ ಅದರ ಹೆಸರೇ ಗೊತ್ತಿರುವುದಿಲ್ಲ, ಎಲ್ಲರೂ ಇಂಜಿನಿಯರಿಂಗ್ ಅನ್ನುತ್ತಾರೆ. ವಿಕಿರಣ ಅಳೆಯುವ ರಸಾಯನಶಾಸ್ತ್ರ ಓದಬಹುದು, ಉಪಗ್ರಹ ಚಿತ್ರ ಓದುವುದನ್ನು ಕಲಿಯಬಹುದು, ಅಂಕಿಅಂಶ ಮತ್ತು ಕಂಪ್ಯೂಟರ್ ಅಂತೂ ಬೇಕೇ ಬೇಕು. ಗದ್ದಲದಲ್ಲಿ ಸಣ್ಣ ಅಲೆ ಹುಡುಕುವ ಕೆಲಸ ಈಗ ಹೆಚ್ಚೂಕಡಿಮೆ ಪೂರ್ತಿ ಲೆಕ್ಕದ್ದೇ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳುವುದನ್ನೂ ರೂಢಿ ಮಾಡಿಕೊಳ್ಳಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹೋಗಿ ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಎಚ್. ನರಸಿಂಹಯ್ಯನವರು ಊರೂರಿಗೆ ಹೋಗಿ ಹೇಳುತ್ತಿದ್ದುದು ಪ್ರಶ್ನೆ ಮಾಡದೆ ಒಪ್ಪಬೇಡಿ ಎಂದು. ಅಣ್ವಸ್ತ್ರದ ವಿಷಯಕ್ಕೆ ಅದು ಎಲ್ಲಕ್ಕಿಂತ ಜಾಸ್ತಿ ಹೊಂದುತ್ತದೆ, ಯಾಕೆಂದರೆ ಇಲ್ಲಿ ಪ್ರಶ್ನೆ ಕೇಳಿದರೇ ಅನುಮಾನದಿಂದ ನೋಡುತ್ತಾರೆ.

ಅಣು ವಿದ್ಯುತ್ತಿಗೂ ವಿರೋಧಾನಾ ನೀವು?

ಅದು ಬೇರೆ ಚರ್ಚೆ. ಇಲ್ಲಿ ಬೆರೆಸುವುದು ಬೇಡ.

'ಇದು ಭೂಕಂಪ ಅಲ್ಲ, ಗುಟ್ಟಾಗಿ ಮಾಡಿದ ಅಣು ಪರೀಕ್ಷೆ' ಅಂತ ವಾಟ್ಸಾಪ್‌ನಲ್ಲಿ ಬಂದರೆ?

2025ರ ಮೇ ತಿಂಗಳಲ್ಲಿ ಇಂಥವು ರಾಶಿ ರಾಶಿ ಬಂದವು. ಭಾರತ-ಪಾಕ್ ಸಂಘರ್ಷದ ಅದೇ ದಿನಗಳಲ್ಲಿ ಪಾಕಿಸ್ತಾನದಲ್ಲಿ ಸಣ್ಣ ಭೂಕಂಪಗಳಾದವು. ಅಣು ನೆಲೆಯೇ ಸಿಡಿದಿದೆ, ವಿಕಿರಣ ಸೋರುತ್ತಿದೆ ಅನ್ನುವ ಸುದ್ದಿ ಹಬ್ಬಿತು. ಪಾಕಿಸ್ತಾನದ ಯಾವ ಅಣು ಸ್ಥಾವರದಿಂದಲೂ ವಿಕಿರಣ ಸೋರಿಲ್ಲ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೇಳಿತು. ಯುದ್ಧದ ಬಿಸಿಯಲ್ಲಿ ಇಂಥ ಗಾಳಿಸುದ್ದಿಯನ್ನು ಅಧಿಕಾರದಲ್ಲಿ ಇರುವವರೂ ನಂಬಿಬಿಟ್ಟರೆ ಕಷ್ಟ. ಅಲ್ಲಿ ವಿಜ್ಞಾನಿ ತಡಮಾಡದೆ ಬಾಯಿ ಬಿಡಬೇಕು.

ನೀವು ಮಾಡಬಹುದಾದದ್ದು ಇಷ್ಟು. ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ಜಾಲತಾಣ ತೆರೆಯಿರಿ. ಸಮಯ, ಜಾಗ, ಪ್ರಮಾಣ, ಆಳ ನಾಲ್ಕೂ ಅಲ್ಲಿ ಸಿಗುತ್ತವೆ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಹಳ್ಳಿಗಳು ನಡುಗಿದಾಗ ನಮ್ಮ ಜಿಲ್ಲೆಯ ಹೆಸರೂ ಆ ಪಟ್ಟಿಯಲ್ಲಿ ಬಂದಿತ್ತು. ಮೊದಲು ಆಳ ನೋಡಿ. ಹತ್ತು ಕಿ.ಮೀ. ಎಂದಷ್ಟೇ ಬರೆದಿದ್ದರೆ ಅದು ಬಹಳ ಸಲ ಅಂದಾಜಿಗೆ ಹಾಕಿದ ಅಂಕಿ, ಅದರ ಮೇಲೆ ತೀರ್ಮಾನ ಮಾಡಬೇಡಿ. ಮೂವತ್ತು, ಐವತ್ತು ಕಿ.ಮೀ. ಎಂದಿದ್ದರೆ ಬಾಂಬಿನ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಬೇರೆ ದೇಶಗಳ ಕೇಂದ್ರಗಳು ಏನು ಹೇಳಿವೆ ಎಂದು ಹೋಲಿಸಿ. ಅಲ್ಲಿಯವರೆಗೆ ಆ ಸಂದೇಶವನ್ನು ಬೇರೆ ಗುಂಪಿಗೆ ಕಳಿಸಬೇಡಿ.